ಟ್ರೇಲರ್ ಕಟ್ಟಿಕೊಂಡು ಟೀಟನ್ ಪಾಸ್ ದಾಟಬಹುದಾ?

ಪ್ರಶ್ನೆ: ಸರ್, ನಾವಿರುವುದು ಸಾಲ್ಟ್ ಲೇಕ್ ಸಿಟಿಯಲ್ಲಿ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಜುಲೈನಲ್ಲಿ ಟ್ರಾವೆಲ್ ಟ್ರೇಲರ್ (ಗಾಡಿ ಹಿಂದೆ ಎಳೆದುಕೊಂಡು ಹೋಗುವ ಚಕ್ರದ ಮನೆ) ಬಾಡಿಗೆಗೆ ತಗೊಂಡು, ನಮ್ಮ ಎಸ್‌ಯುವಿಗೆ ಕಟ್ಟಿಕೊಂಡು ಗ್ರ್ಯಾಂಡ್ ಟೀಟನ್, ಯೆಲ್ಲೋಸ್ಟೋನ್ ನೋಡಿ ಬರೋಣ ಅಂತಿದ್ದೇವೆ. ಸಾಮಾನು ತುಂಬಿದರೆ ಟ್ರೇಲರ್ ಸುಮಾರು 5,000 ಪೌಂಡ್ ಆಗುತ್ತೆ. ಮೊದಲ ರಾತ್ರಿ ಇಡಾಹೊ ಫಾಲ್ಸ್‌ನಲ್ಲಿ ಗೆಳೆಯರ ಮನೆ. ಅಲ್ಲಿಂದ ಜಾಕ್ಸನ್‌ಗೆ ಫೋನಿನ ಮ್ಯಾಪ್ ವಿಕ್ಟರ್ ಮೇಲೆ ಟೀಟನ್ ಪಾಸ್ ದಾರಿ ತೋರಿಸುತ್ತಿದೆ. ಅಪ್ಪ ಶಿರಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿದವರು. 'ಘಾಟಿ ಅಂದ್ರೆ ಎಲ್ಲಾ ಒಂದೇ, ಭಯ ಯಾಕೆ' ಅಂತಾರೆ. ನನಗೆ ಧೈರ್ಯ ಸಾಲುತ್ತಿಲ್ಲ.

ಉತ್ತರ: ಆ ದಾರಿ ಬೇಡ. ನಾನು ಟ್ರೇಲರ್‌ಗಳನ್ನು ಊರಿಂದೂರಿಗೆ ತಲುಪಿಸುವ ಕೆಲಸದಲ್ಲಿರುವವನು. ಬೇರೆ ದಾರಿ ಇರುವಾಗ ನಾನೂ ಅಲ್ಲಿ ಹೋಗಲ್ಲ.

ಟೀಟನ್ ಪಾಸ್ 8,431 ಅಡಿ ಎತ್ತರದಲ್ಲಿದೆ. ಆಚೆ ಬುಡದಲ್ಲಿರುವ ವಿಲ್ಸನ್ ಊರು ಹತ್ತಿರಹತ್ತಿರ 6,150 ಅಡಿ. ಅಂದರೆ ಐದಾರು ಮೈಲಿಯೊಳಗೆ 2,200 ಅಡಿಗಿಂತ ಜಾಸ್ತಿ ಇಳಿಯಬೇಕು. ಇಳಿಜಾರು ಕೆಲವು ಕಡೆ 10%. ಚಳಿಗಾಲದಲ್ಲಿ ಅಲ್ಲಿ ಟ್ರೇಲರ್ ಎಳೆಯುವುದಕ್ಕೆ ನಿಷೇಧವೇ ಇದೆ. ಜುಲೈನಲ್ಲಿ ಕಾನೂನು ಬಿಡುತ್ತೆ, ನಿಜ. ಆದರೆ ಬ್ರೇಕ್ ಬಿಸಿಯಾಗುವುದಕ್ಕೆ ತಿಂಗಳು ಗೊತ್ತಿರಲ್ಲ ಅಲ್ವಾ?

ಇಡಾಹೊ ಫಾಲ್ಸ್‌ನಿಂದ ಯುಎಸ್ 26 ಹಿಡಿಯಿರಿ. ಸ್ವಾನ್ ವ್ಯಾಲಿಯಲ್ಲಿ ಮ್ಯಾಪ್ ಎಡಕ್ಕೆ ತಿರುಗು ಅನ್ನುತ್ತೆ. ತಿರುಗಬೇಡಿ, ನೇರ ಹೋಗಿ. ಪ್ಯಾಲಿಸೇಡ್ಸ್ ಜಲಾಶಯದ ಪಕ್ಕದಲ್ಲೇ ಆಲ್ಪೈನ್‌ಗೆ ಬರುತ್ತೀರಿ. ಅಲ್ಲಿಂದ ಯುಎಸ್ 89ರಲ್ಲಿ ಸ್ನೇಕ್ ನದಿಯ ಕಣಿವೆ, ಹೋಬ್ಯಾಕ್ ಜಂಕ್ಷನ್, ಜಾಕ್ಸನ್. ಹೆಚ್ಚೆಂದರೆ ಇಪ್ಪತ್ತು ಮೈಲಿ ಸುತ್ತು. ಆಲ್ಪೈನ್ ಸುಮಾರು 5,600 ಅಡಿ, ಜಾಕ್ಸನ್ 6,200. ನದಿ ಜೊತೆಗೇ ನಿಧಾನಕ್ಕೆ ಏರುತ್ತೀರಿ, ಅಷ್ಟೇ. ತಿರುವುಗಳಿವೆ, ರಸ್ತೆ ಹೆಚ್ಚಿನ ಕಡೆ ಎರಡೇ ಲೇನ್. ಹಿಂದೆ ಕಾರುಗಳು ಸಾಲುಗಟ್ಟಿದರೆ ಜಾಗ ಸಿಕ್ಕಲ್ಲಿ ಪಕ್ಕಕ್ಕೆ ತಗೊಂಡು ದಾರಿ ಬಿಡಿ.

ಫೋನಿನ ಮ್ಯಾಪ್‌ಗೆ ನಿಮ್ಮ ಹಿಂದೆ ಟ್ರೇಲರ್ ಇರುವುದು ಗೊತ್ತಿಲ್ಲ. ಅದು ಕಾರಿಗೆ ದಾರಿ ಹೇಳುತ್ತಿದೆ.

ಪ್ರಶ್ನೆ: ಥ್ಯಾಂಕ್ಸ್ ಸರ್. ಆದರೆ ಯೆಲ್ಲೋಸ್ಟೋನ್ ಒಳಗೂ ಎಂಟು ಸಾವಿರ ಅಡಿ ದಾಟಬೇಕಂತೆ. ಅಲ್ಲೇನು ಮಾಡೋದು?

ಉತ್ತರ: ವೆಸ್ಟ್ ಥಂಬ್‌ನಿಂದ ಓಲ್ಡ್ ಫೇಥ್‌ಫುಲ್‌ಗೆ ಹೋಗುವಾಗ ಕ್ರೇಗ್ ಪಾಸ್ ಬರುತ್ತೆ, 8,262 ಅಡಿ. ಟೀಟನ್ ಪಾಸ್‌ಗಿಂತ 169 ಅಡಿ ಮಾತ್ರ ಕಡಿಮೆ! ಆದರೂ ಬೇಸಿಗೆಯಿಡೀ ಆರ್‌ವಿಗಳು (ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಪ್ರವಾಸದ ಗಾಡಿಗಳು) ಅಲ್ಲಿ ಆರಾಮಾಗಿ ಓಡಾಡುತ್ತವೆ. ಸುತ್ತಲಿನ ನೆಲವೇ ಎತ್ತರ, ಹಾಗಾಗಿ ಏರು ಇಳಿವು ಮೆಲ್ಲಗಿದೆ. ಎತ್ತರ ಜಾಸ್ತಿಯಾದರೆ ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿಗೆ ಸುಮಾರು 3% ಶಕ್ತಿ ಕಳೆದುಕೊಳ್ಳುತ್ತೆ, ನಿಧಾನ ಹತ್ತುತ್ತೀರಿ. ನಿಧಾನ ಹತ್ತಿದರೆ ಯಾರಿಗೂ ಏನೂ ಆಗಲ್ಲ. ದಾರಿ ಆರಿಸುವಾಗ ಇಳಿಜಾರು ಎಷ್ಟು ಕಡಿದು, ಎಷ್ಟು ಉದ್ದ ಅಂತ ನೋಡಿ.

ಇಳಿಯುವ ವಿಷಯದಲ್ಲಿ ನಿಮ್ಮ ತಂದೆಯವರನ್ನೇ ಕೇಳಿ. ಹತ್ತಿದ ಗೇರಿನಲ್ಲೇ ಇಳಿ ಅಂತ ನಮ್ಮ ಲಾರಿಯವರು ಹೇಳುತ್ತಾರಲ್ಲ, ಇಲ್ಲೂ ಅದೇ ಪಾಠ. ಗಾಡಿಯಲ್ಲಿ ಟೋ ಮೋಡ್ (ಭಾರ ಎಳೆಯುವಾಗ ಹಾಕುವ ಗೇರ್ ಸೆಟ್ಟಿಂಗ್) ಹಾಕಿ, ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ವೇಗ ಗಂಟೆಗೆ 40 ಮೈಲಿಗೆ ಹೋದರೆ ಗಟ್ಟಿಯಾಗಿ ಒತ್ತಿ 30ಕ್ಕೆ ತನ್ನಿ, ಪೂರ್ತಿ ಬಿಡಿ, ಆರಲಿ. ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ಹಾಕಿ ಕಾಯಿರಿ.

ಇನ್ನೊಬ್ಬ ಸದಸ್ಯರು: ದಾರಿಯಲ್ಲಿ ದೊಡ್ಡವರು ಟ್ರೇಲರ್ ಒಳಗೆ ಮಲಗಬಹುದಾ? ನಮ್ಮನೆಯಲ್ಲೂ ಇದೇ ಪ್ರಶ್ನೆ.

ಉತ್ತರ: ಖಂಡಿತ ಬೇಡ. ಓಡುವಾಗ ಒಳಗೆ ಯಾರೂ ಇರಬಾರದು. ಎಲ್ಲರೂ ಎಸ್‌ಯುವಿಯಲ್ಲೇ, ಬೆಲ್ಟ್ ಹಾಕಿಕೊಂಡು.

ಇಲ್ಲಿ ಒಂದು ಲೆಕ್ಕ ಬಹಳ ಜನ ಮರೆಯುತ್ತಾರೆ. 5,000 ಪೌಂಡ್ ಟ್ರೇಲರ್‌ನ 10ರಿಂದ 15%, ಅಂದರೆ 500ರಿಂದ 750 ಪೌಂಡ್, ಹಿಚ್ (ಟ್ರೇಲರ್ ಕಟ್ಟುವ ಕೊಂಡಿ) ಮೂಲಕ ನಿಮ್ಮ ಗಾಡಿಯ ಮೇಲೇ ಕೂರುತ್ತೆ. ಅದರ ಮೇಲೆ ಜನ, ಕೂಲರ್, ಅಕ್ಕಿ ಚೀಲ. ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ ಜನ ಮತ್ತು ಸಾಮಾನು ಸೇರಿ ಎಷ್ಟು ತೂಕ ಅಂತ ಬರೆದಿರುತ್ತೆ. ಎಲ್ಲ ಸೇರಿ ಅದರೊಳಗೇ ಇರಬೇಕು. 'ಇಷ್ಟು ಪೌಂಡ್ ಎಳೆಯುತ್ತೆ' ಅನ್ನುವ ಜಾಹೀರಾತಿನ ಅಂಕಿಯನ್ನೇ ನಂಬಿ ಕೂರಬೇಡಿ. ಅನುಮಾನ ಇದ್ದರೆ ಟ್ರಕ್ ಸ್ಟಾಪಿನ ತೂಕದ ಕಟ್ಟೆ ಮೇಲೆ ಗಾಡಿ ಹತ್ತಿಸಿ, ಐದು ನಿಮಿಷದ ಕೆಲಸ.

ಪ್ರಶ್ನೆ: ಟ್ರೇಲರ್ ಕೊಡುವವರು 'ಬ್ರೇಕ್ ಕಂಟ್ರೋಲರ್ ನಿಮ್ಮ ಗಾಡಿಯಲ್ಲಿದೆಯಾ' ಅಂತ ಕೇಳಿದರು. ನಮ್ಮದರಲ್ಲಿ ಇಲ್ಲ. ಸುಮ್ನೆ ಕೇಳಿದ್ದಾ?

ಉತ್ತರ: ಸುಮ್ನೆ ಅಲ್ಲ, ಅದಿಲ್ಲದೆ ಹೊರಡಲೇಬೇಡಿ. ಟ್ರೇಲರ್‌ನ ಎಲೆಕ್ಟ್ರಿಕ್ ಬ್ರೇಕ್ ಹಿಡಿಯುವುದು ಅದರಿಂದಲೇ. ಹಾಕಿಸಿಕೊಂಡ ಮೇಲೆ ಖಾಲಿ ಪಾರ್ಕಿಂಗ್‌ನಲ್ಲಿ ನಿಧಾನಕ್ಕೆ ಓಡಿಸುತ್ತಾ ಅದರ ಕೈಸ್ವಿಚ್ ಮಾತ್ರ ಒತ್ತಿ ನೋಡಿ. ಟ್ರೇಲರ್ ಹಿಂದಿನಿಂದ ಎಳೆದು ಹಿಡಿದ ಹಾಗೆ ಅನಿಸಬೇಕು. ರಸ್ತೆಯಲ್ಲಿ ಟ್ರೇಲರ್ ಅತ್ತಿತ್ತ ತೂಗಾಡಿದರೆ ಗಾಡಿಯ ಬ್ರೇಕ್ ಜೋರಾಗಿ ಒತ್ತಬೇಡಿ. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ಅದೇ ಕೈಸ್ವಿಚ್ ಮೆಲ್ಲಗೆ ಒತ್ತಿ.

ಪೆಟ್ರೋಲ್ ಇಡಾಹೊ ಫಾಲ್ಸ್‌ನಲ್ಲೇ ಫುಲ್ ಮಾಡಿಸಿ. ಹೊರಡುವ ಬೆಳಿಗ್ಗೆ ಇಡಾಹೊ ಮತ್ತು ವಯೋಮಿಂಗ್ ಎರಡೂ ರಾಜ್ಯಗಳ 511 (ರಸ್ತೆ ಸ್ಥಿತಿ ತಿಳಿಸುವ ಸೇವೆ) ನೋಡಿ. ಕಣಿವೆಯಲ್ಲಿ ರಸ್ತೆ ಕೆಲಸ ನಡೆಯುತ್ತಿದ್ದರೆ ಅಲ್ಲೇ ಗೊತ್ತಾಗುತ್ತೆ.