ಸಹಾಯ ಬೇಕು: ಯೋಧರ ಮನೆಯವರ ಫೋಟೋ, ಗಾಜಿನ ಪ್ರತಿಫಲನ
ಎಲ್ಲರಿಗೂ ನಮಸ್ಕಾರ. ಸ್ಟುಡಿಯೋ ಮುಚ್ಚಿದ ಮೇಲೆ ಕ್ಯಾಮೆರಾ ಮುಟ್ಟುವ ಮನಸ್ಸೇ ಇರಲಿಲ್ಲ. ಈಗ ಕೊಡಗಿನಲ್ಲಿ 1965, 1971ರ ಯುದ್ಧಗಳಲ್ಲಿ ಗಾಯಗೊಂಡವರ, ಮಡಿದವರ ಮನೆಯವರ ಫೋಟೋ ತೆಗೆಯುತ್ತಿದ್ದೇನೆ. ಬೆಳಗಾದರೆ ಸಾಕು, ಹೊರಡಬೇಕು ಅನ್ನಿಸುತ್ತದೆ. ಅವರಿಗೆಲ್ಲ ವಯಸ್ಸಾಗಿದೆ, ತಡಮಾಡುವಂತಿಲ್ಲ.

ಅಜ್ಜಿಯರು ಗಂಡನ ಸಮವಸ್ತ್ರದ ಫೋಟೋವನ್ನು ಗೋಡೆಯಿಂದ ಇಳಿಸಿ, ಸೆರಗಿನಿಂದ ಗಾಜು ಒರೆಸಿ, ಮಡಿಲಲ್ಲಿಟ್ಟುಕೊಂಡೇ ಕೂರುತ್ತಾರೆ. ಕಿಟಕಿಯ ಬೆಳಕು ಗಾಜಿಗೆ ಹೊಡೆದು ಯೋಧನ ಮುಖವೇ ಕಾಣುವುದಿಲ್ಲ. ಚೌಕಟ್ಟು ಬಿಚ್ಚಿ ಅನ್ನಲು ಬಾಯಿ ಬರುವುದಿಲ್ಲ. ಪ್ರತಿಫಲನ ತಗ್ಗಿಸಲು ಲೆನ್ಸ್‌ಗೆ ಪೋಲರೈಜರ್ ಫಿಲ್ಟರ್ ಹಾಕಿದರೆ ಇರುವ ಮಂದ ಬೆಳಕೂ ಕಡಿಮೆಯಾಗುತ್ತದೆ. ಫ್ಲ್ಯಾಶ್ ಇಲ್ಲದೆ ಹೇಗೆ ನಿಭಾಯಿಸುತ್ತೀರಿ?

ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರವಿರುವ ಬೆಳಗಾವಿ ಕಡೆಯೂ ಹೋಗುವ ಆಸೆಯಿದೆ. ಅಲ್ಲಿ ಇಂಥ ಮನೆಗಳ ಪರಿಚಯವಿದ್ದರೆ, ದಯವಿಟ್ಟು ಮೊದಲು ಅವರ ಒಪ್ಪಿಗೆ ಕೇಳಿ, ಆಮೇಲೆ ನನಗೆ ಮೆಸೇಜ್ ಮಾಡಿ. ಪ್ರಿಂಟ್ ಹಾಕಿಸಿ ಮನೆಗೇ ತಲುಪಿಸುತ್ತೇನೆ.