ಮನೆಮಂದಿ ಗುಂಪಿನಲ್ಲಿ 20 ರೂಪಾಯಿ ವಿಮೆ

ಮಂಜಣ್ಣ ಮಾವ: (ಫಾರ್ವರ್ಡ್) ವರ್ಷಕ್ಕೆ ಬರೀ 20 ರೂಪಾಯಿ! ಅಪಘಾತದಲ್ಲಿ ಕೈಕಾಲು ಮುರಿದರೆ 2 ಲಕ್ಷ! ಎಲ್ಲರಿಗೂ ಕಳಿಸಿ.

ಸುಧಾ: ಮಾವ, ಇದನ್ನು ಮುಂದಕ್ಕೆ ಕಳಿಸಬೇಡಿ. ಕಾಲು ಮುರಿದು ವಾಸಿಯಾದರೆ ಇದರಲ್ಲಿ ಒಂದು ಪೈಸೆಯೂ ಬರುವುದಿಲ್ಲ.

ಮಂಜಣ್ಣ ಮಾವ: ಏನಮ್ಮ ಹಂಗಂತೀಯ, ಸರ್ಕಾರದ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಇದು. 2015ರಿಂದ ನನ್ನ ಖಾತೆಯಲ್ಲೂ ಕಟ್ ಆಗುತ್ತಿದೆ. ಮೊದಲು 12 ಇತ್ತು, 2022ರಲ್ಲಿ 20 ಆಯಿತು.

ಸುಧಾ: ಯೋಜನೆ ನಿಜ ಮಾವ, ಬರೆದಿರುವುದು ತಪ್ಪು. ಜೀವ ಹೋದರೆ, ಇಲ್ಲವೇ ಎರಡೂ ಕಣ್ಣು, ಎರಡೂ ಕೈ ಅಥವಾ ಎರಡೂ ಕಾಲು ಶಾಶ್ವತವಾಗಿ ಹೋದರೆ 2 ಲಕ್ಷ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಹೋದರೆ 1 ಲಕ್ಷ. ಅಷ್ಟೇ.

ರವಿ: ಎಲ್ಲಾ ವಿಮೆನೂ ಮೋಸ ಅಕ್ಕ. ಭಾವನಿಗೆ ಆ ಕಂಪನಿ ಎಷ್ಟು ಸತಾಯಿಸಿತು, ಮರೆತುಹೋಯ್ತಾ?

ಸುಧಾ: ಮರೆಯೋದು ಹೇಗೋ? ಹರಿಹರ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಮೊಣಕಾಲ ಕೆಳಗೆ ರಾಡ್ ಹಾಕಿಸಿಕೊಂಡರು. ಅವರದು ಮಂಡಿ ಅಂಗಡಿಯಲ್ಲಿ ದಿನವಿಡೀ ನಿಂತು ಮಾಡುವ ಕೆಲಸ. ಬೇರೆ ಅಪಘಾತ ವಿಮೆ ಇತ್ತು, 5 ಲಕ್ಷದ್ದು. ದುಡಿಯಲಾಗದ ಪ್ರತಿ ವಾರಕ್ಕೆ ಆ ಮೊತ್ತದ ನೂರಕ್ಕೆ 1ರಂತೆ 5000 ಕೊಡಬೇಕು. ಕಂಪನಿಯವರು ಆಸ್ಪತ್ರೆಯಲ್ಲಿದ್ದಷ್ಟು ದಿನಕ್ಕೆ ಮಾತ್ರ ಅಂದರು. ಡಿಸ್ಚಾರ್ಜ್ ಕಾಗದದಲ್ಲಿ ಬರೀ ‘ವಿಶ್ರಾಂತಿ’ ಅಂತಿತ್ತು, ಎಷ್ಟು ವಾರ ಅಂತ ಇರಲಿಲ್ಲ. ಆಮೇಲೆ ಪ್ರತಿ ತಪಾಸಣೆಗೂ ‘ಕಾಲಿಗೆ ಭಾರ ಹಾಕಬಾರದು, ಕೆಲಸಕ್ಕೆ ಹೋಗಬಾರದು’ ಅಂತ ತಾರೀಖು ಹಾಕಿ, ಡಾಕ್ಟರ ಸೀಲು ಒತ್ತಿಸಿಕೊಂಡೆ. ಕೊನೆಗೆ ಅದೇ ಚೀಟಿಗಳೇ ಕೈ ಹಿಡಿದವು.

ರವಿ: ಹಾಸಿಗೆ ಹಿಡಿದವನು ಇಷ್ಟೆಲ್ಲಾ ಓಡಾಡೋಕಾಗುತ್ತಾ? ನೀನಿದ್ದೆ, ಆಯ್ತು. ಯಾರೂ ಇಲ್ಲದವರ ಗತಿ? ಅದಕ್ಕೇ ಮೋಸ ಅನ್ನೋದು.

ಸುಧಾ: ಆ ಮಾತು ಒಪ್ಪುತ್ತೇನೆ. ಬಿದ್ದವರನ್ನೇ ಓಡಾಡಿಸುವುದು ನನಗೂ ಸಿಟ್ಟು ತರಿಸುತ್ತದೆ. ಆದರೆ ಮೋಸ ಅಂತ ಕೈಬಿಟ್ಟರೆ ಉಳಿಯುವುದು ಕಂಪನಿಯವರ ದುಡ್ಡೇ ಅಲ್ವಾ? ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ, ಅಂದರೆ ವಿಮೆ ದೂರು ವಿಚಾರಿಸುವ ಅಧಿಕಾರಿಗೆ, ಬರೆಯಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. ನಾವು ಬರೆದ ಮೇಲೇ ಬಾಕಿ ವಾರಗಳ ದುಡ್ಡು ಬಂದಿದ್ದು.

ಮಂಜಣ್ಣ ಮಾವ: ಹಾಗಾದರೆ ಈ 20 ರೂಪಾಯಿದು ಬಿಟ್ಟುಬಿಡಲಾ?

ಸುಧಾ: ಬೇಡ ಮಾವ, ಅಷ್ಟು ಕಮ್ಮಿಗೆ ಬೇರೆ ಯಾರು ಕೊಡುತ್ತಾರೆ? ಮೇ ಕೊನೆಗೆ ಖಾತೆಯಲ್ಲಿ ದುಡ್ಡಿರಲಿ, ಜೂನ್ 1ಕ್ಕೆ ಹೊಸ ವರ್ಷ ಶುರು. 70 ವರ್ಷದವರೆಗೆ ಮಾತ್ರ, ಅದನ್ನೂ ನೋಡಿಕೊಳ್ಳಿ. ರವಿ, ನೀನು ದಿನಾ ಬೈಕಿನಲ್ಲೇ ಇರುತ್ತೀಯ. ಬೈಕ್ ವಿಮೆಯಲ್ಲಿ ಮಾಲೀಕನಿಗೇ 15 ಲಕ್ಷದ ಅಪಘಾತ ಕವರ್ ಇರಬೇಕು. ಇದೆಯಾ?

ರವಿ: ಇದೆ ಅನ್ಸುತ್ತೆ. ಡಿಎಲ್ ಮಾತ್ರ ಮುಗಿದಿದೆ.

ಸುಧಾ: ಚಾಲ್ತಿ ಲೈಸೆನ್ಸ್ ಇಲ್ಲದಿದ್ದರೆ ಆ ಕ್ಲೇಮ್ ನಿಲ್ಲುವುದಿಲ್ಲ ಕಣೋ. ನಾಳೆಯೇ ರಿನ್ಯೂಗೆ ಹಾಕು. ಪಾಲಿಸಿಯ ಎಲ್ಲಾ ಪುಟದ ಫೋಟೋ ನನಗೆ ಕಳಿಸು, ನಾನು ಓದಿ ಹೇಳುತ್ತೇನೆ.

ಮಂಜಣ್ಣ ಮಾವ: ಆ ಫಾರ್ವರ್ಡ್ ಅಳಿಸಿದೆ. ನೀನು ಬರೆದಿದ್ದನ್ನೇ ಬಡಾವಣೆ ಗುಂಪಿಗೆ ಹಾಕಲೇನಮ್ಮ?

ಸುಧಾ: ಹಾಕಿ ಮಾವ. ನಮ್ಮ ಮನೆಯವರ ವಿಷಯ ಮಾತ್ರ ಬಿಟ್ಟುಬಿಡಿ.