ಹಿಮ್ಮಡಿ ಹತ್ತಿರ ಸುತ್ತಿಗೆ ಬಡಿದರೂ ಅಪ್ಪನ ಪಾದ ಅಲ್ಲಾಡಲಿಲ್ಲ, ಭಯ ಪಡಬೇಕಾ?

ತುಂಗಾತೀರ:
ಅಪ್ಪನಿಗೆ 63 ವರ್ಷ, ಶುಗರ್ ಬಂದು 14 ವರ್ಷ ಆಯ್ತು. ಮೊನ್ನೆ ಡಾಕ್ಟರು ರಬ್ಬರ್ ಸುತ್ತಿಗೆಯಲ್ಲಿ ಬಡಿದು ನೋಡಿದರು. ಮಂಡಿ ಸ್ವಲ್ಪ ಒದೆಯಿತು, ಪಾದ ಎರಡೂ ಕದಲಲೇ ಇಲ್ಲ. ಚೀಟಿಯಲ್ಲಿ ‘ಆಂಕಲ್ ಜರ್ಕ್ ಆಬ್ಸೆಂಟ್’ ಅಂತ ಬರೆದಿದ್ದಾರೆ. ಜನ ಜಾಸ್ತಿ ಇದ್ದರು, ಕೇಳೋಕೆ ಆಗಲಿಲ್ಲ. ಲಕ್ವ ಹೊಡೆಯುವ ಸೂಚನೆಯಾ?

ಫಿಸಿಯೋ_ಧಾರವಾಡ:
ಲಕ್ವದ ಸೂಚನೆ ಅಲ್ಲ. ಲಕ್ವ ಹೊಡೆದ ಮೊದಮೊದಲು ರಿಫ್ಲೆಕ್ಸ್, ಅಂದರೆ ಬಡಿದಾಗ ತಾನಾಗೇ ಬರುವ ಒದೆತ, ಮಂಕಾಗಬಹುದು, ಆಮೇಲೆ ಆ ಪಕ್ಕದಲ್ಲಿ ಜಾಸ್ತಿಯೇ ಆಗುತ್ತದೆ. ಸುತ್ತಿಗೆ ಬಡಿದಾಗ ಮೀನಖಂಡ ಚೂರು ಎಳೆಯುತ್ತದೆ, ಆ ಸುದ್ದಿ ನರದಲ್ಲಿ ಬೆನ್ನುಹುರಿಗೆ ಹೋಗಿ, ಮಿದುಳನ್ನು ಕೇಳದೆ ಅಲ್ಲಿಂದಲೇ ವಾಪಸ್ ಬಂದು ಪಾದವನ್ನು ಒದೆಸುತ್ತದೆ. ಈ ದಾರಿ ಎಲ್ಲಿ ಕೆಟ್ಟರೂ ಒದೆತ ಇಲ್ಲ. ಶುಗರ್ ಮೊದಲು ಕೆಡಿಸೋದು ಉದ್ದದ ನರಗಳನ್ನು, ಅದಕ್ಕೇ ಮಂಡಿಗಿಂತ ಮುಂಚೆ ಪಾದದ್ದು ಹೋಗುತ್ತದೆ. ಡಿಸ್ಕ್ ಜಾರಿದ್ದರೆ ಸಾಮಾನ್ಯವಾಗಿ ಒಂದೇ ಕಾಲಲ್ಲಿ. ವಯಸ್ಸಾದ ಕೆಲವರಲ್ಲಿ ಕಾಯಿಲೆ ಇಲ್ಲದೆಯೂ ಹೋಗಿರುತ್ತದೆ. ಬಡಿಯುವಾಗ ಎರಡೂ ಕೈಬೆರಳು ಕೊಕ್ಕೆ ಹಾಕಿಸಿ ಜೋರಾಗಿ ಎಳೆಯೋಕೆ ಹೇಳಿದ್ದರಾ? ಕೆಲವರಿಗೆ ಹಾಗೆ ಮಾಡಿದಾಗಲೇ ಅದು ಕಾಣಿಸೋದು.

ಹಾಸನದಕ್ಕ:
ಎಷ್ಟು ಬೇಗ ಹೋಯ್ತು ಅನ್ನೋದನ್ನೂ ನೋಡಿ. ನನ್ನ ತಮ್ಮನಿಗೆ ಭೇದಿ ಆಗಿ ಹತ್ತು ದಿನಕ್ಕೆ ಪಾದ ಜೋಮು ಹಿಡಿಯಿತು, ಮೂರನೇ ದಿನ ಮೆಟ್ಟಿಲು ಹತ್ತೋಕೆ ಆಗಲಿಲ್ಲ, ಸುಸ್ತು ಅಂದುಕೊಂಡು ಮನೇಲೇ ಮಲಗಿಸಿದ್ದೆವು. ಆಸ್ಪತ್ರೆಯಲ್ಲಿ ಬಡಿದರೆ ಮಂಡಿಯೂ ಇಲ್ಲ, ಪಾದವೂ ಇಲ್ಲ. ಗಿಲನ್ ಬಾರೆ ಅಂದರು, ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ತಿರುಗಿ ಬೀಳುವ ಕಾಯಿಲೆ. 2025ರಲ್ಲಿ ಪುಣೆಯಲ್ಲಿ ತುಂಬಾ ಜನಕ್ಕೆ ಬಂತಲ್ಲ, ಅದೇ. ಅದು ಉಸಿರಾಟದ ಸ್ನಾಯುಗಳಿಗೂ ಹತ್ತಬಹುದಂತೆ. ಐದು ದಿನ ಇಮ್ಯುನೋಗ್ಲಾಬ್ಯುಲಿನ್ ಅಂತ ಪ್ರತಿಕಾಯಗಳ ಔಷಧಿ ಕೊಟ್ಟರು, ನಾಲ್ಕು ತಿಂಗಳಿಗೆ ನಡೆದ. ದಿನದಿಂದ ದಿನಕ್ಕೆ ಕಾಲು ಸೋಲುತ್ತಿದ್ದರೆ ಒಂದು ರಾತ್ರಿಯೂ ಕಾಯಬೇಡಿ.

ತುಂಗಾತೀರ:
ಇಲ್ಲ ಅಕ್ಕ, ಅಪ್ಪ ದಿನಾ ತೋಟಕ್ಕೆ ನಡೆದೇ ಹೋಗುತ್ತಾರೆ. ಎರಡು ವರ್ಷದಿಂದ ಪಾದ ಉರಿ ಅಂತಾರೆ ಅಷ್ಟೇ. ಹತ್ತು ವರ್ಷದಿಂದ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ತಗೊಳ್ತಿದ್ದಾರೆ.

ಫಿಸಿಯೋ_ಧಾರವಾಡ:
ಹಾಗಾದರೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸೋಣವಾ ಅಂತ ಡಾಕ್ಟರನ್ನು ಕೇಳಿ. ಆ ಮಾತ್ರೆಯನ್ನು ವರ್ಷಗಟ್ಟಲೆ ತಗೊಂಡರೆ ಬಿ12 ಇಳಿಯಬಹುದು, ಅದರಿಂದಲೂ ನರ ಕೆಡುತ್ತದೆ, ಅದನ್ನು ಸರಿಮಾಡಬಹುದು ಕೂಡ. ಮಾತ್ರೆ ಮಾತ್ರ ನೀವಾಗೇ ನಿಲ್ಲಿಸಬೇಡಿ. ನರ ಕೆಟ್ಟಿದ್ದರೆ ಪಾದಕ್ಕೆ ಗಾಯ ಆದರೂ ಗೊತ್ತಾಗದೇ ಇರಬಹುದು, ಇವತ್ತೇ ಅಪ್ಪನ ಅಂಗಾಲು ತಿರುಗಿಸಿ ನೋಡಿ, ಬೆರಳ ಸಂದಿಯನ್ನೂ.

ತುಂಗಾತೀರ:
ಈಗ ನೋಡಿದೆ. ಬಲಗಾಲ ಹೆಬ್ಬೆರಳ ಕೆಳಗೆ ಮುಳ್ಳು ಚುಚ್ಚಿದ ಗಾಯ ಇದೆ, ಸುತ್ತ ಕೆಂಪಗಾಗಿದೆ. ಅಪ್ಪನಿಗೆ ಗೊತ್ತೇ ಇಲ್ಲ. ಈಗಲೇ ಡಾಕ್ಟರ ಹತ್ತಿರ ಹೊರಟೆವು.